ಹುಬ್ಬಳ್ಳಿಯಲ್ಲಿ ಎರಡು ದಿನದ ಸಿಪಿಆರ್ ತರಬೇತಿ: ಕಿರಿಯ ವೈದ್ಯರಿಗೆ ಎಷ್ಟು ಉಪಯೋಗ?

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಒಂದು ಶನಿವಾರ ಮತ್ತು ರವಿವಾರ ನಡೆದ ಸಿಪಿಆರ್, ಅಂದರೆ ಹೃದಯ ನಿಂತವರ ಎದೆಯನ್ನು ಒತ್ತಿ, ಉಸಿರು ಕೊಟ್ಟು ಬದುಕಿಸಲು ಯತ್ನಿಸುವ ವಿಧಾನದ ತರಬೇತಿಗೆ ಐದು ರಾತ್ರಿ ಪಾಳಿಗಳ ಸಂಬಳವನ್ನು ಶುಲ್ಕವಾಗಿ ಕಟ್ಟಿ ಹೋಗಿದ್ದೆ. ಮೊದಲ ದಿನ ಬಿಎಲ್‌ಎಸ್, ಅಂದರೆ ಬರಿಗೈಯಿಂದ ಮಾಡಬಹುದಾದ ಪ್ರಾಥಮಿಕ ಜೀವರಕ್ಷಣೆ. ಎರಡನೆಯ ದಿನ ಎಸಿಎಲ್‌ಎಸ್, ಅಂದರೆ ಔಷಧ, ವಿದ್ಯುತ್ ಆಘಾತ ಮತ್ತು ತಂಡದ ಕೆಲಸವನ್ನು ಒಳಗೊಂಡ ಮುಂದಿನ ಹಂತ. ಎಂಬಿಬಿಎಸ್ ಮತ್ತು ಅದರ ಕೊನೆಯ ಒಂದು ವರ್ಷದ ಆಸ್ಪತ್ರೆ ತರಬೇತಿಯಾದ ಹೌಸ್‌ಸರ್ಜನ್ಸಿ (ಇಂಟರ್ನ್‌ಶಿಪ್) ಮುಗಿಸಿ, ಹಗಲು ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿಗೆ ಓದುತ್ತ, ರಾತ್ರಿ ಯಾವುದಾದರೊಂದು ನರ್ಸಿಂಗ್ ಹೋಮಿನಲ್ಲಿ ಡ್ಯೂಟಿ ಡಾಕ್ಟರ್ ಆಗಿ ದುಡಿಯುವವರು ಈ ಅವಳಿ ನಗರದಲ್ಲಿ ಬಹಳ ಮಂದಿ ಇದ್ದಾರೆ. ನಾನೂ ಅವರಲ್ಲೊಬ್ಬ. ಅಂಥವರಿಗೆ ಈ ತರಬೇತಿ ಕೊಟ್ಟ ಹಣಕ್ಕೆ ತಕ್ಕದ್ದೇ ಎಂಬುದನ್ನು ಹೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಮೊದಲ ದಿನ ಖಂಡಿತವಾಗಿ ತಕ್ಕದ್ದು. ಎರಡನೆಯ ದಿನದಲ್ಲಿ ತಿದ್ದಬೇಕಾದುದು ಸಾಕಷ್ಟಿದೆ.

ನಾನು ಮೊದಲ ಸಲ ಒಬ್ಬ ಮನುಷ್ಯನ ಎದೆಯನ್ನು ಒತ್ತಿದ್ದು ಹೌಸ್‌ಸರ್ಜನ್ ಆಗಿದ್ದಾಗ, ಒಂದು ರಾತ್ರಿ ಎರಡೂವರೆಯ ಸುಮಾರಿಗೆ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಆದರೆ ಕೈಯಿಂದ ಮಾಡಿರಲಿಲ್ಲ. ಹಿಂದಿನಿಂದ ಯಾರೋ "ಒತ್ತರಿ, ಒತ್ತರಿ" ಎನ್ನುತ್ತಿದ್ದರು. ಎಷ್ಟು ಆಳ, ಎಷ್ಟು ವೇಗ ಎಂದು ಹೇಳುವಷ್ಟು ಬಿಡುವು ಅಲ್ಲಿ ಯಾರಿಗೂ ಇರಲಿಲ್ಲ. ಆ ರೋಗಿ ಉಳಿಯಲಿಲ್ಲ. ಬಹುಶಃ ಯಾರು ಒತ್ತಿದ್ದರೂ ಉಳಿಯುತ್ತಿರಲಿಲ್ಲ ಎಂದು ಹಿರಿಯರು ಅನಂತರ ಸಮಾಧಾನ ಹೇಳಿದರೂ, ನಾನು ಸರಿಯಾಗಿ ಒತ್ತಿದೆನೇ ಎಂಬ ಪ್ರಶ್ನೆ ಎರಡು ವರ್ಷ ನನ್ನನ್ನು ಬಿಟ್ಟಿರಲಿಲ್ಲ. 2021ರ ಇಂಟರ್ನ್‌ಶಿಪ್ ನಿಯಮಾವಳಿಯಂತೆ ಒಂದು ವರ್ಷದ ಅವಧಿಯಲ್ಲಿ ಸಮುದಾಯ ವೈದ್ಯಕೀಯಕ್ಕೆ 12 ವಾರಗಳಿದ್ದರೆ, ತುರ್ತು ಚಿಕಿತ್ಸಾ ವಿಭಾಗಕ್ಕೆ ಇರುವುದು 2 ವಾರ. ಆ ಎರಡು ವಾರದಲ್ಲಿ ರಕ್ತದ ಮಾದರಿ ಒಯ್ಯುವುದು, ಎಕ್ಸ್‌ರೇ ತರುವುದು, ಕೇಸ್‌ಶೀಟ್ ತುಂಬುವುದು ಇವುಗಳ ನಡುವೆ ಯಾರಾದರೂ ಪಕ್ಕದಲ್ಲಿ ನಿಂತು ಕೈ ತಿದ್ದಿದರೆ ಅದು ಅದೃಷ್ಟ. ಅತ್ತ ನೀಟ್ ಪಿಜಿಯ 200 ಪ್ರಶ್ನೆಗಳಲ್ಲಿ ಒತ್ತುವ ಆಳವನ್ನು ಕುರಿತ ಪ್ರಶ್ನೆ ಬರಬಹುದು. ಆದರೆ ಬರೆಯುವವನ ಅಂಗೈ ನಿಜವಾಗಿ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ಆ ಪರೀಕ್ಷೆ ಅಳೆಯುವಂತಿಲ್ಲ.

ಅಳೆದದ್ದು ಈ ತರಬೇತಿಯ ಗೊಂಬೆ. ನೆಲದ ಮೇಲೆ ಮಲಗಿಸಿದ, ಸೊಂಟದವರೆಗೆ ಮಾತ್ರ ದೇಹವಿರುವ ಈ ಗೊಂಬೆಯ ಹೆಗಲಿನ ಬಳಿ ಪುಟ್ಟ ದೀಪಗಳಿರುತ್ತವೆ. ವಯಸ್ಕರ ಎದೆಯನ್ನು ಕನಿಷ್ಠ 5 ಸೆಂಟಿಮೀಟರ್, 6ನ್ನು ಮೀರದಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಹಾಗೆ ಒತ್ತಿದರೆ ಮಾತ್ರ ಹಸಿರು ದೀಪ ಹತ್ತುತ್ತದೆ. ನನಗೆ ಮೊದಲ ಒಂದು ನಿಮಿಷ ಹಸಿರು ಹತ್ತಲೇ ಇಲ್ಲ. ಆಳ ಸರಿಯಾಗಿತ್ತು, ವೇಗವೂ ಸರಿಯಾಗಿತ್ತು. ಅರವತ್ತರ ಆಸುಪಾಸಿನ ಅರಿವಳಿಕೆ ತಜ್ಞರೊಬ್ಬರು ಪಕ್ಕದಲ್ಲಿ ಮಂಡಿಯೂರಿ ಕುಳಿತು ನೋಡಿ, "ಡಾಕ್ಟ್ರ, ಮೈಭಾರ ಎದಿಮ್ಯಾಲ ಬಿಡಬ್ಯಾಡ್ರಿ. ಕೈ ಎತ್ರಿ, ಎದಿ ಪೂರಾ ಮ್ಯಾಲ ಬರಲಿ" ಎಂದರು. ಒತ್ತಿದ ಮೇಲೆ ನಾನು ಎದೆಯ ಮೇಲೆ ಒರಗಿಯೇ ಇರುತ್ತಿದ್ದೆ. ಎದೆ ಪೂರ್ತಿಯಾಗಿ ಮೇಲೆ ಬಂದಾಗಲೇ ಹೃದಯಕ್ಕೆ ರಕ್ತ ಮರಳುತ್ತದೆ, ಹೃದಯದ ಸ್ನಾಯುವಿಗೆ ರಕ್ತ ಒದಗುವುದೂ ಆ ಬಿಡುವಿನಲ್ಲಿಯೇ. ಒತ್ತುವುದರಷ್ಟೇ ಬಿಡುವುದೂ ಚಿಕಿತ್ಸೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ನನ್ನ ಭುಜಗಳಿಗೆ ಗೊತ್ತಿರಲಿಲ್ಲ. ಎರಡು ವರ್ಷ ಕಾಡಿದ ಪ್ರಶ್ನೆಗೆ ಉತ್ತರ ಆ ಕ್ಷಣದಲ್ಲಿ ಸಿಕ್ಕಿತು. ಅದು ಹಿತವಾದ ಉತ್ತರವಾಗಿರಲಿಲ್ಲ, ಆದರೂ ಸಿಕ್ಕಿತಲ್ಲ ಎಂಬ ಕೃತಜ್ಞತೆ ನನಗಿದೆ.

ಅದೇ ದಿನ ಕಲಿತ ಇನ್ನೊಂದು ಸಂಗತಿಯನ್ನು ಕನ್ನಡದಲ್ಲಿ ಎಣಿಸುವವರೆಲ್ಲರೂ ತಿಳಿದಿರಬೇಕು. ಮೂವತ್ತು ಸಲ ಒತ್ತಿ ಎರಡು ಸಲ ಉಸಿರು ಕೊಡುವುದು ಕ್ರಮ. ಒಂದು, ಎರಡು, ಮೂರು ಎಂದು ಎಣಿಸುವಾಗ ಹತ್ತರವರೆಗೆ ವೇಗ ಸರಿಯಾಗಿಯೇ ಇರುತ್ತದೆ. ಹನ್ನೊಂದು, ಹದಿನಾಲ್ಕು, ಹದಿನೇಳು ಬಂದಂತೆ ಮಾತು ಉದ್ದವಾಗುತ್ತದೆ, ಮಾತಿನ ಹಿಂದೆ ಕೈಯೂ ನಿಧಾನವಾಗುತ್ತದೆ. ಇಪ್ಪತ್ತೊಂಬತ್ತನ್ನು ಅರ್ಧ ಸೆಕೆಂಡಿನಲ್ಲಿ ಯಾರೂ ಉಚ್ಚರಿಸಲಾರರು. ನಮ್ಮ ತಂಡದ ನಾಲ್ವರಲ್ಲಿ ಮೂವರ ವೇಗ ಇಪ್ಪತ್ತರ ಹೊತ್ತಿಗೆ ನೂರಕ್ಕಿಂತ ಕೆಳಗೆ ಬಂದಿತ್ತು. ಶುಶ್ರೂಷಾ ಅಧಿಕಾರಿಯಾಗಿದ್ದ ಇನ್ನೊಬ್ಬ ಬೋಧಕರು ಹೇಳಿಕೊಟ್ಟ ಪರಿಹಾರ ಬಹಳ ಸರಳವಾಗಿತ್ತು: ಒಂದರಿಂದ ಹತ್ತರವರೆಗೆ ಮೂರು ಸಲ ಎಣಿಸಬೇಕು. ಮೂವತ್ತು ತಾನಾಗಿಯೇ ಆಗುತ್ತದೆ, ವೇಗ ಕುಗ್ಗುವುದಿಲ್ಲ. ಪಠ್ಯಕ್ರಮದ ಪುಸ್ತಕದಲ್ಲಿ ಈ ಮಾತಿಲ್ಲ. ಈ ಭಾಷೆಯಲ್ಲಿ ಕೆಲಸ ಮಾಡಿದವರಿಗೆ ಮಾತ್ರ ಹೊಳೆಯುವಂಥದ್ದು ಇದು. ನನ್ನ ದೃಷ್ಟಿಯಲ್ಲಿ ಶುಲ್ಕದ ಅರ್ಧ ಭಾಗ ಇಲ್ಲಿಗೇ ಸಂದಾಯವಾಯಿತು.

ಎರಡನೆಯ ದಿನದ ತಿರುಳು ಮಾತಾಡುವ ಅಭ್ಯಾಸ. ತಂಡದ ಮುಖ್ಯಸ್ಥ "ಅಡ್ರಿನಲಿನ್ ಒಂದು ಮಿಲಿಗ್ರಾಂ ಕೊಡಿ" ಎಂದರೆ, ಕೊಡುವವರು ಅದನ್ನೇ ಗಟ್ಟಿಯಾಗಿ ಮರುನುಡಿಯಬೇಕು, ಕೊಟ್ಟ ಮೇಲೆ ಕೊಟ್ಟೆನೆಂದು ಮತ್ತೆ ಹೇಳಬೇಕು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು, ಏಕೆಂದರೆ ಎಷ್ಟೇ ಗಟ್ಟಿಮುಟ್ಟಾದವರೂ ಅಷ್ಟರಲ್ಲಿ ದಣಿಯುತ್ತಾರೆ, ದಣಿದದ್ದು ಅವರ ಅರಿವಿಗೆ ಬರುವ ಮೊದಲೇ ಒತ್ತಿನ ಆಳ ಕಡಿಮೆಯಾಗಿರುತ್ತದೆ. ಹೀಗೆ ಬದಲಾಗುವಾಗಿನ ತಡೆ 10 ಸೆಕೆಂಡು ಮೀರಬಾರದು. ಇದೆಲ್ಲ ಕೇಳುವುದಕ್ಕೆ ಸುಲಭ. ಆದರೆ ಐದೂವರೆ ವರ್ಷ "ಹೌದು ಸರ್" ಎಂಬುದನ್ನೇ ಅಭ್ಯಾಸ ಮಾಡಿಕೊಂಡು ಬಂದವರಿಗೆ, ಎದೆ ಒತ್ತುತ್ತಿರುವ ಹಿರಿಯರಿಗೆ "ಸರ್, ಆಳ ಸಾಲದು, ಬದಲಾಗೋಣ" ಎನ್ನುವುದು ಅಷ್ಟು ಸುಲಭವಲ್ಲ. ಬೋಧಕರು ಗುಂಪಿನಲ್ಲೇ ಕಿರಿಯಳಾಗಿದ್ದ, ಇನ್ನೂ ಹೌಸ್‌ಸರ್ಜನ್ಸಿಯಲ್ಲಿದ್ದ ಹುಡುಗಿಯನ್ನು ಮುಖ್ಯಸ್ಥೆಯಾಗಿ ನಿಲ್ಲಿಸಿ, ತಾವೇ ಗೊಂಬೆಯ ಎದೆಯನ್ನು ಬೇಕೆಂದೇ ತಪ್ಪಾಗಿ ಒತ್ತತೊಡಗಿದರು. ಆಕೆ ಮೂರು ಸಲ ಬಾಯಿ ತೆರೆದು ಮುಚ್ಚಿದಳು. ನಾಲ್ಕನೆಯ ಸಲ ಹೇಳಿದಳು. ಕೋಣೆಯಲ್ಲಿದ್ದ ನಾವೆಲ್ಲರೂ ಆಕೆಯ ಜೊತೆಯಲ್ಲೇ ಉಸಿರು ಬಿಟ್ಟೆವು. ಇಸಿಜಿಯಲ್ಲಿ ಹೃದಯದ ರೇಖೆ ಪೂರ್ತಿ ನೇರವಾದಾಗ ವಿದ್ಯುತ್ ಆಘಾತ ಕೊಡುವುದಿಲ್ಲ, ಅಡ್ಡಾದಿಡ್ಡಿಯಾಗಿ ಕಂಪಿಸುವಾಗ ಕೊಡಬೇಕು ಎಂಬಂಥ ಪಾಠಗಳೂ ಅಂದು ಚೆನ್ನಾಗಿಯೇ ನಡೆದವು. ಅವು ಪುಸ್ತಕದಿಂದಲೂ ಸಿಗುತ್ತವೆ, ಈ ಧೈರ್ಯ ಸಿಗುವುದಿಲ್ಲ.

ಇನ್ನು ಕೊರತೆಗಳು. ಪಾಠದ ವಿಡಿಯೊಗಳಲ್ಲಿ ಕಾಣುವುದು ಹೊರದೇಶದ ಆಸ್ಪತ್ರೆ: ಒಬ್ಬ ರೋಗಿಯ ಸುತ್ತ ಆರು ಮಂದಿ, ಪ್ರತಿಯೊಬ್ಬರಿಗೂ ಒಂದೊಂದೇ ಕೆಲಸ. ನಮ್ಮ ಊರಿನ ಮೂವತ್ತು ಹಾಸಿಗೆಯ ನರ್ಸಿಂಗ್ ಹೋಮಿನಲ್ಲಿ ರಾತ್ರಿ ಇರುವುದು ಒಬ್ಬ ಡ್ಯೂಟಿ ಡಾಕ್ಟರ್, ಒಬ್ಬ ಸಿಸ್ಟರ್, ಒಬ್ಬ ಆಯಾ. ವಿದ್ಯುತ್ ಆಘಾತದ ಯಂತ್ರ ಮೇಲಿನ ಮಹಡಿಯ ಐಸಿಯುನಲ್ಲಿ. ಗದಗದಿಂದ ಬಂದಿದ್ದ ಒಬ್ಬರು ಈ ಪ್ರಶ್ನೆಯನ್ನು ಎತ್ತಿದಾಗ, ಹಿರಿಯ ಬೋಧಕರು ಪರದೆಯನ್ನು ಆರಿಸಿ, "ಹಂಗಾದ್ರ ಮೂರೇ ಮಂದಿ ಬರ್ರಿ, ಮಾಡೂಣು" ಎಂದು ನಮ್ಮನ್ನು ಕರೆದರು. ಮುಂದಿನ ಮುಕ್ಕಾಲು ಗಂಟೆ ಇಡೀ ಎರಡು ದಿನದಲ್ಲೇ ಅತ್ಯಂತ ಪ್ರಯೋಜನದ ಅವಧಿಯಾಯಿತು. ಯಂತ್ರ ತರಲು ಯಾರು ಓಡಬೇಕು, ಹೊರಗಿರುವ ಹಿರಿಯ ವೈದ್ಯರಿಗೆ ಫೋನ್ ಮಾಡುವವರು ಯಾರು, ವೇಳೆ ಬರೆದಿಡುವವರು ಯಾರು, ಆಯಾ ಎದೆ ಒತ್ತಬಹುದೇ ಎಂಬುದನ್ನೆಲ್ಲ ಮಾಡಿ ನೋಡಿದೆವು. ಒತ್ತಬಹುದು, ಒತ್ತಲೇಬೇಕು, ಅದಕ್ಕಾಗಿ ಆಕೆಗೂ ಕಲಿಸಿರಬೇಕು. ಯಾರೋ ಕೇಳಿದ್ದರಿಂದ ನಡೆದ ಈ ಅಭ್ಯಾಸ, ಕೇಳದಿದ್ದರೂ ನಡೆಯುವಂತೆ ವೇಳಾಪಟ್ಟಿಯಲ್ಲಿಯೇ ಇರಬೇಕು.

ಗೊಂಬೆಗಳನ್ನು ಎರಡೂ ದಿನ ನೆಲದ ಮೇಲೆಯೇ ಇಟ್ಟಿದ್ದರು. ವಾರ್ಡಿನಲ್ಲಿ ರೋಗಿ ಇರುವುದು ಎತ್ತರದ ಮಂಚದಲ್ಲಿ, ಫೋಮಿನ ಗಾದಿಯ ಮೇಲೆ. ಒತ್ತಿದ ಬಲದಲ್ಲಿ ಒಂದಿಷ್ಟನ್ನು ಗಾದಿಯೇ ನುಂಗುತ್ತದೆ. ಬೆನ್ನಿನ ಕೆಳಗೆ ಗಟ್ಟಿ ಹಲಗೆ ಜಾರಿಸಬೇಕು, ಎತ್ತರ ಕಡಿಮೆಯಿರುವವರು ಸ್ಟೂಲಿನ ಮೇಲೆ ನಿಲ್ಲಬೇಕು. ಇದನ್ನು ಬಾಯಲ್ಲಿ ಹೇಳಿದರೇ ಹೊರತು ಮಾಡಿಸಲಿಲ್ಲ. ಒಂದು ಮಂಚ, ಒಂದು ಗಾದಿ, ಒಂದು ಹಲಗೆ ತರಿಸುವುದು ದೊಡ್ಡ ಖರ್ಚೇನೂ ಅಲ್ಲ.

ಅದಕ್ಕಿಂತ ದೊಡ್ಡ ಕೊರತೆ, ಬಾಗಿಲಿನ ಹೊರಗೆ ಕಾಯುತ್ತಿರುವವರ ಬಗ್ಗೆ ಒಂದು ಮಾತೂ ಇಲ್ಲದಿದ್ದುದು. ಆಸ್ಪತ್ರೆಯಲ್ಲಿ ಹೃದಯ ನಿಂತವರಲ್ಲಿ ಹೆಚ್ಚಿನವರು ಉಳಿಯುವುದಿಲ್ಲ. ಅದನ್ನು ಮನೆಯವರಿಗೆ ತಿಳಿಸುವ ಕೆಲಸ ರಾತ್ರಿಯ ಹೊತ್ತು ಎಲ್ಲರಿಗಿಂತ ಕಿರಿಯ ವೈದ್ಯನ ಪಾಲಿಗೇ ಬರುತ್ತದೆ. "ಎಕ್ಸ್‌ಪೈರ್ ಆಗ್ಯಾರ" ಎಂದರೆ ಕುಂದಗೋಳದಿಂದಲೋ ನವಲಗುಂದದಿಂದಲೋ ಬಂದ ಮುದುಕಿಗೆ ಅರ್ಥವಾಗುವುದಿಲ್ಲ; "ಬಹಳ ಸೀರಿಯಸ್ ಐತಿ" ಎಂದು ಮುಂದೂಡಿದರೆ ಆಕೆ ಮತ್ತೆ ಭರವಸೆ ಕಟ್ಟಿಕೊಳ್ಳುತ್ತಾಳೆ, ಆಮೇಲೆ ನಿಜ ತಿಳಿದಾಗ ಮೋಸವಾಯಿತೆಂದು ಅನ್ನಿಸುತ್ತದೆ. ಕೂರಿಸಿ, ಹೆಸರು ಹಿಡಿದು, ನಾವು ಏನೇನು ಮಾಡಿದೆವೆಂದು ಎರಡು ಮಾತಿನಲ್ಲಿ ಹೇಳಿ, "ತೀರಿಕೊಂಡಾರ್ರಿ ಅವ್ವಾ" ಎಂದು ಸ್ಪಷ್ಟವಾಗಿ ನುಡಿದು, ಅನಂತರ ಎದ್ದು ಹೋಗದೆ ಸುಮ್ಮನೆ ನಿಲ್ಲುವುದನ್ನು ನಾನು ಕಲಿತದ್ದು ಒಬ್ಬ ಹಿರಿಯ ಸಿಸ್ಟರ್ ಅವರನ್ನು ನೋಡಿ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ತಡೆಯಲು ನಮ್ಮ ರಾಜ್ಯದಲ್ಲಿ 2009ರಿಂದಲೇ ಕಾಯ್ದೆಯಿದೆ. ಆದರೆ ಆ ಮೊದಲ ಐದು ನಿಮಿಷದಲ್ಲಿ ವೈದ್ಯನ ಕೈಯಲ್ಲಿರುವುದು ಕಾಯ್ದೆಯಲ್ಲ, ಮಾತು. ಜೀವರಕ್ಷಣೆಯ ತರಬೇತಿಯಲ್ಲಿ ಆ ಮಾತಿಗೂ ಒಂದು ಗಂಟೆ ಮೀಸಲಿಡಬೇಕೆಂದು ಅಭಿಪ್ರಾಯ ಪತ್ರದಲ್ಲಿ ಬರೆದುಕೊಟ್ಟು ಬಂದಿದ್ದೇನೆ.

ಶುಲ್ಕವನ್ನು ಯಾರು ಕೊಡಬೇಕೆಂಬುದು ತರಬೇತಿ ಕೇಂದ್ರದ ಪ್ರಶ್ನೆಯಲ್ಲ, ಆದರೂ ಹೇಳದೆ ಇರಲಾರೆ. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮಾವಳಿ ಈ ಬಗೆಯ ತರಬೇತಿಯನ್ನು ಕಡ್ಡಾಯಗೊಳಿಸಿದೆ. ಎಂಬಿಬಿಎಸ್ ಮಾತ್ರ ಮುಗಿಸಿ ರಾತ್ರಿಗಳನ್ನು ಕಾಯುವ ನಮ್ಮಂಥವರು ಸ್ವಂತ ಹಣದಿಂದಲೇ ಕಲಿಯಬೇಕು. ನಾನು ಕೆಲಸ ಮಾಡುವಲ್ಲಿ ಪ್ರಮಾಣಪತ್ರದ ನಕಲನ್ನು ಕಡತಕ್ಕಾಗಿ ಕೇಳಿ ಪಡೆದರು. ರಜೆಯನ್ನಾಗಲಿ ಶುಲ್ಕದಲ್ಲಿ ಪಾಲನ್ನಾಗಲಿ ಕೊಡಲಿಲ್ಲ. ಶುಕ್ರವಾರ ರಾತ್ರಿಯ ಪಾಳಿ ಮುಗಿಸಿ, ಮುಖ ತೊಳೆದುಕೊಂಡು ನೇರವಾಗಿ ತರಗತಿಗೆ ಬಂದಿದ್ದೆ. ಹಾಗೆ ಬಂದವರು ನಾವು ನಾಲ್ವರಿದ್ದೆವು. ರೆಸಿಡೆಂಟ್ ವೈದ್ಯರ, ಅಂದರೆ ಆಸ್ಪತ್ರೆಯಲ್ಲಿ ದುಡಿಯುತ್ತಲೇ ತರಬೇತಿ ಪಡೆಯುವ ವೈದ್ಯರ, ನಿರಂತರ ಕರ್ತವ್ಯ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮೀರಬಾರದೆಂದು ಕೇಂದ್ರ ಸರ್ಕಾರ 1992ರಲ್ಲೇ ಹೇಳಿತ್ತು. 2024ರಲ್ಲಿ ವೈದ್ಯಕೀಯ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆಯ ಮಿತಿ, ಒಂದು ದಿನದ ರಜೆ, ದಿನಕ್ಕೆ 7ರಿಂದ 8 ಗಂಟೆಯ ನಿದ್ದೆಯನ್ನು ಶಿಫಾರಸು ಮಾಡಿತು. ನರ್ಸಿಂಗ್ ಹೋಮಿನ ಡ್ಯೂಟಿ ಡಾಕ್ಟರುಗಳು ಆ ಲೆಕ್ಕದ ಒಳಗೇ ಬರುವುದಿಲ್ಲ. ಬೋಧಕರು ನಮ್ಮ ಕಣ್ಣುಗಳನ್ನು ನೋಡಿಯೇ ತಿಳಿದು, ಮಧ್ಯಾಹ್ನದ ಊಟದ ನಂತರ ಅರ್ಧ ಗಂಟೆ ದೀಪ ಆರಿಸಿ ಮಲಗಲು ಬಿಟ್ಟರು. ಆ ಅರ್ಧ ಗಂಟೆಯನ್ನು ನಾನು ಮರೆಯುವುದಿಲ್ಲ.

ವ್ಯವಸ್ಥೆಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಊಟ ಚೆನ್ನಾಗಿತ್ತು, ರೊಟ್ಟಿ ಬಿಸಿಯಾಗಿತ್ತು. ಧಾರವಾಡದವರಿಗೆ ಚಿಗರಿ ಬಸ್ಸಿನಿಂದಿಳಿದರೆ ನಡೆದು ಬರುವಷ್ಟು ದೂರ. ಹನ್ನೆರಡು ಮಂದಿಗೆ ಮೂರು ಗೊಂಬೆಗಳಿದ್ದುದರಿಂದ ಕೈಗೆ ಕೆಲಸ ಸಾಕಷ್ಟು ಸಿಕ್ಕಿತು. ಇದಕ್ಕಿಂತ ಹೆಚ್ಚು ಜನರನ್ನು ತುಂಬುವ ಕಡೆ ಹೋಗಬೇಡಿ ಎಂದೇ ಹೇಳುತ್ತೇನೆ. ಹಾವೇರಿಯಿಂದ ಬಂದಿದ್ದವರು ಬೆಳಗಿನ ಜಾವಕ್ಕೇ ಎದ್ದು ಹೊರಟಿದ್ದರು. ಹುಬ್ಬಳ್ಳಿಯಲ್ಲಿ 1957ರಿಂದಲೇ ವೈದ್ಯಕೀಯ ಕಾಲೇಜಿದೆ, ಈಗ ಗದಗ ಮತ್ತು ಹಾವೇರಿಯಲ್ಲೂ ಸರ್ಕಾರಿ ಕಾಲೇಜುಗಳಾಗಿವೆ; ತರಬೇತಿಯೂ ಅಲ್ಲಿಗೆ ಹೋಗಬೇಕು. ಪ್ರಮಾಣಪತ್ರದ ಅವಧಿ ಎರಡು ವರ್ಷ, ಆದರೆ ಕೈಯ ಪಳಗು ಕೆಲವೇ ತಿಂಗಳಲ್ಲಿ ಕುಂದುತ್ತದೆ. ಹಳೆಯ ವಿದ್ಯಾರ್ಥಿಗಳಿಗೆ ತಿಂಗಳಿಗೊಂದು ಸಂಜೆ ಗೊಂಬೆಗಳನ್ನು ಬಿಟ್ಟುಕೊಟ್ಟರೆ ಸಣ್ಣ ಶುಲ್ಕ ಕೊಟ್ಟಾದರೂ ಬರುತ್ತೇವೆಂದು ನಾವು ಏಳು ಮಂದಿ ಸಹಿ ಮಾಡಿ ಕೇಳಿದ್ದೇವೆ.

ಮುಂದಿನ ಸೋಮವಾರ ರಾತ್ರಿ ಪಾಳಿಗೆ ಹೋದಾಗ ಐಸಿಯುನ ಬೀಗದ ಕೈಯ ಇನ್ನೊಂದು ಪ್ರತಿಯನ್ನು ಕೇಳಿ ಪಡೆದು, ಕೆಳಮಹಡಿಯಲ್ಲಿ ಸಿಸ್ಟರ್ ಅವರ ಮೇಜಿನ ಪಕ್ಕದ ಮೊಳೆಗೆ ನೇತುಹಾಕಿದೆವು. ಹಳೆಯ ಕಪಾಟಿನ ಒಂದು ಹಲಗೆ ಮಂಚದ ಕೆಳಗೆ ಬಂತು. ರೋಗಿಗಳು ಮಲಗಿದ ಮೇಲೆ, ಗಟ್ಟಿಯಾಗಿ ಸುತ್ತಿ ಕಟ್ಟಿದ ಕಂಬಳಿಯೊಂದನ್ನು ನೆಲದ ಮೇಲಿಟ್ಟು ಆಯಾಗೆ ತೋರಿಸಿಕೊಟ್ಟೆ. ಒಂದರಿಂದ ಹತ್ತು, ಮತ್ತೆ ಒಂದರಿಂದ ಹತ್ತು, ಮತ್ತೊಮ್ಮೆ ಒಂದರಿಂದ ಹತ್ತು. ಆಕೆಯ ವೇಗ ನನಗಿಂತ ಸರಿಯಾಗಿತ್ತು.