ದೋಸೆ ಹಿಟ್ಟಿಗೆ ಹಳೇ ಗ್ರೈಂಡರ್, ಹಾಲಿಗೆ ಇಂಡಕ್ಷನ್: ದಾವಣಗೆರೆ ಅಡುಗೆಮನೆಯ ಲೆಕ್ಕ

ನಮ್ಮ ಗ್ರೈಂಡರ್‌ನಲ್ಲಿ ಇರೋದು ಮೋಟಾರು, ಬೆಲ್ಟು, ಕಲ್ಲು, ಒಂದು ಸ್ವಿಚ್ಚು. ಮಗಳು ಸ್ಕೂಲಿಗೆ ಸೇರುವ ಮುಂಚೆ ತಂದದ್ದು, ಅವಳೀಗ ಕೆಲಸಕ್ಕೆ ಹೋಗ್ತಾಳೆ. ಬೆಲ್ಟು ಸವೆದಾಗ ಬದಲಿಸಿದ್ದೀವಿ, ಕಲ್ಲು ನುಣುಪಾದಾಗ ಉಳಿಯಿಂದ ಹೊಡೆಸಿದ್ದೀವಿ. ಬೇರೆ ಖರ್ಚಿಲ್ಲ.

ಬೆಣ್ಣೆ ದೋಸೆಗೆ ಅಕ್ಕಿ, ಉದ್ದು, ಮೆಂತ್ಯದ ಜೊತೆ ಮಂಡಕ್ಕಿಯನ್ನೂ ನೆನೆಸಿ ರುಬ್ಬುತ್ತೀವಿ. ಮಿಕ್ಸಿಯಲ್ಲೂ ಆಗುತ್ತೆ, ಇಲ್ಲ ಅನ್ನಲ್ಲ. ಆದರೆ ಬ್ಲೇಡಿನ ವೇಗಕ್ಕೆ ಹಿಟ್ಟು ಬಿಸಿಯಾಗುತ್ತೆ. ನಮ್ಮೂರ ಏಪ್ರಿಲ್ ಬಿಸಿಲಿಗೆ ಬೆಳಗಾಗೋದ್ರೊಳಗೆ ಹುಳಿ ಏರಿರುತ್ತೆ. ಕಲ್ಲಲ್ಲಿ ರುಬ್ಬಿದ ಉದ್ದು ತಣ್ಣಗಿದ್ದು ಹತ್ತಿಯ ಹಾಗೆ ಉಬ್ಬುತ್ತೆ. ಕರೆಂಟು ಉಳಿಯುತ್ತೆ ಅನ್ನೋ ವಾದ ಮಾತ್ರ ನಾನು ಒಪ್ಪಲ್ಲ: 150 ವ್ಯಾಟಿನ ಗ್ರೈಂಡರ್ 40 ನಿಮಿಷ ಓಡಿದರೂ, 750 ವ್ಯಾಟಿನ ಮಿಕ್ಸಿ 8 ನಿಮಿಷ ಓಡಿದರೂ ಆಗೋದು 0.1 ಯೂನಿಟ್ಟೇ.

ಟಚ್ ಬಟನ್ನಿನ ಮಿಕ್ಸಿ ನೋಡೋಕೆ ಚೆಂದ. ಒದ್ದೆ ಕೈಗೆ ಮಾತು ಕೇಳಲ್ಲ, ಅಡುಗೆಮನೆಯಲ್ಲಿ ಕೈ ಒಣಗಿರೋದು ಯಾವಾಗ? ನಮ್ಮದು ವಾರಂಟಿ ಮುಗಿದ ಮೇಲೆ ಕೆಟ್ಟಿತು. ಮಂಡಿಪೇಟೆ ಕಡೆ ರಿಪೇರಿಗೆ ಒಯ್ದರೆ, "ಮೋಟಾರ್ ಚೆನ್ನಾಗೈತಿ ಅಕ್ಕಾರೆ, ಬೋರ್ಡ್ ಹೋಗೇತಿ. ಇದನ್ನ ಬಿಚ್ಚಿದ್ರೂ ಏನೂ ಮಾಡಾಕ ಬರಲ್ಲ" ಅಂದ. ಹೊಸ ಬೋರ್ಡಿನ ಬೆಲೆ ಕೇಳಿ ಸುಮ್ಮನಾದೆ.

ಇಂಡಕ್ಷನ್ ಒಲೆಗೆ ಮಾತ್ರ ಪೂರ್ತಿ ಅಂಕ ಕೊಡ್ತೀನಿ. ಹಾಲಿಟ್ಟು ಟೈಮರ್ ಹಾಕಿದರೆ ಆಚೆ ಹೋಗಬಹುದು. ದೋಸೆಗೆ ಬೇಡ: ಕಾಯಿಲ್ ಚಿಕ್ಕದು, ಕಾವಲಿಯ ನಡುಭಾಗ ಸುಟ್ಟು ಅಂಚು ಬಿಳಚಿಕೊಂಡಿರುತ್ತೆ. ಜೋಳದ ರೊಟ್ಟಿ ಉಬ್ಬಿಸೋಕೆ ಬೆಂಕಿಯೇ ಬೇಕು. ಅಲ್ಯೂಮಿನಿಯಂ ಪಾತ್ರೆಗಳಂತೂ ಅದರ ಮೇಲೆ ಕಾಯೋದೇ ಇಲ್ಲ.

ರೈಸ್ ಕುಕ್ಕರ್ ಬಗ್ಗೆ ಒಂದು ಮಾತು. ಒಂದೇ ಕಡ್ಡಿಯ ಅಗ್ಗದ ಮಾದರಿಯಲ್ಲಿ ಚಿಪ್ಪೂ ಇಲ್ಲ, ಡಿಸ್‌ಪ್ಲೇಯೂ ಇಲ್ಲ. ನೀರಿರುವ ತನಕ ಪಾತ್ರೆಯ ತಳ 100 ಡಿಗ್ರಿ ಆಸುಪಾಸಲ್ಲೇ ನಿಲ್ಲುತ್ತೆ. ನೀರು ಇಂಗಿ ಬಿಸಿ ಇನ್ನೂ ಏರಿದಾಗ ತಳದ ಅಯಸ್ಕಾಂತ ಹಿಡಿತ ಬಿಡುತ್ತೆ, ಕಡ್ಡಿ ಟಕ್ ಅಂತ ಮೇಲೇಳುತ್ತೆ. ಹತ್ತು ಬಗೆಯ ಮೆನು ಇರೋ ಮಲ್ಟಿಕುಕ್ಕರ್‌ಗೂ ಇದಕ್ಕೂ ಅನ್ನದ ರುಚಿಯಲ್ಲಿ ನನಗಂತೂ ವ್ಯತ್ಯಾಸ ಕಾಣಲಿಲ್ಲ.

ಈಗ ಮಿಕ್ಸಿ ತಗೊಳ್ಳೋರು ತಿರುಗಿಸುವ ಗುಂಡಿಯದನ್ನೇ ನೋಡಿ. ತಳದಲ್ಲಿ ಓವರ್‌ಲೋಡಿನ ಕೆಂಪು ಬಟನ್ (ಮೋಟಾರಿಗೆ ಭಾರ ಹೆಚ್ಚಾದಾಗ ಕರೆಂಟು ಕಡಿಯೋದು) ಇದೆಯಾ ಅಂತ ಅಂಗಡಿಯಲ್ಲೇ ಮಗುಚಿ ನೋಡಿಕೊಳ್ಳಿ, ಜಾರು, ಬ್ಲೇಡು ಬಿಡಿಯಾಗಿ ಊರಲ್ಲೇ ಸಿಗುತ್ತಾ ಅಂತಲೂ ಕೇಳಿ.