ಡ್ರಮ್ ಪೌಡರ್ ಮೆಷರ್: ಬಾಲ್ ಪೌಡರ್‌ಗೆ ಸೈ, ಫ್ಲೇಕ್ ಹಾಕಿದರೆ ಹಟಮಾರಿ

ಲಿವರ್ ಇಳಿಸುವಾಗ ಕೈಗೆ 'ಕರಕ್' ಅಂತ ಹತ್ತುತ್ತದಲ್ಲ, ಈ ಯಂತ್ರದ ಬಗ್ಗೆ ನನ್ನ ತಕರಾರೆಲ್ಲ ಅಲ್ಲಿಂದಲೇ ಶುರು. ಮನೆಯಲ್ಲೇ ತೋಟಾ ತುಂಬುವವರು ಖಾಲಿ ಕೇಸಿಗೆ (ತೋಟಾದ ಲೋಹದ ಕೋಶಕ್ಕೆ) ಮದ್ದು ಅಳೆದು ಹಾಕುವ ಸಾಧನ ಇದು: ಮೇಲೆ ಮದ್ದು ತುಂಬಿಡುವ ಹಾಪರ್, ನಡುವೆ ಅಳತೆಯ ಕುಳಿ ಇರುವ ತಿರುಗುವ ಡ್ರಮ್, ಕೆಳಗೆ ಮದ್ದು ಇಳಿಯುವ ಡ್ರಾಪ್ ಟ್ಯೂಬ್. ಲೋಹದ ಮೈ, ಪಿಸ್ತೂಲಿಗೆಂದೇ ಮಾಡಿದ ಸಣ್ಣ ಡ್ರಮ್, ಅಳತೆ ಹೆಚ್ಚುಕಡಿಮೆ ಮಾಡುವ ಮೈಕ್ರೋಮೀಟರ್ ಸ್ಕ್ರೂ. ಉಳಿದ ವಿವರ ಡಬ್ಬಿಯ ಮೇಲೇ ಇದೆ. ನಾನು ತುಂಬುವುದು .38 ಸ್ಪೆಷಲ್ ಮತ್ತು 9 ಎಂಎಂ ಪಿಸ್ತೂಲು ತೋಟಾ, ಒಂದು ಸಲಕ್ಕೆ ಒಂದೇ ಹಂತದ ಕೆಲಸ ಮಾಡುವ ಸಿಂಗಲ್ ಸ್ಟೇಜ್ ಪ್ರೆಸ್ಸಿನಲ್ಲಿ, ಐವತ್ತು ಕೇಸಿನ ಬ್ಲಾಕ್ ಇಟ್ಟುಕೊಂಡು. ಮುಂದಿನ ತೀರ್ಪೆಲ್ಲ ಈ ಲೆಕ್ಕದಲ್ಲಿ. ಅಂದಹಾಗೆ ಇದು ಅಮೆರಿಕದಲ್ಲಿರುವವರಿಗೆ ಬರೆದದ್ದು. ಭಾರತದಲ್ಲಿ 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವ ಹಾಗಿಲ್ಲ.

ಈ ಮೆಷರ್ ಅಳೆಯುವುದು ಮದ್ದಿನ ಗಾತ್ರವನ್ನು, ಆದರೆ ಯಾವ ತೋಟಾಕ್ಕೆ ಎಷ್ಟು ಮದ್ದು ಎಂದು ಹೇಳುವ ಲೋಡ್ ಪುಸ್ತಕದಲ್ಲಿರುವುದು ತೂಕ. ರೈಫಲ್‌ಗೆ 40 ಗ್ರೇನ್ ಹಾಕುವಾಗ 0.1 ಗ್ರೇನ್ ಅತ್ತಿತ್ತ ಆದರೆ ಕಾಲು ಪರ್ಸೆಂಟ್ ಅಷ್ಟೆ. ಪಿಸ್ತೂಲಿನ 4 ಗ್ರೇನಿನಲ್ಲಿ ಅದೇ 0.1 ಅಂದರೆ ಎರಡೂವರೆ ಪರ್ಸೆಂಟ್. 4 ಗ್ರೇನ್ ಅಂದರೆ ಸುಮಾರು 0.26 ಗ್ರಾಂ, ಚಿಟಿಕೆಗಿಂತ ಕಡಿಮೆ. ಹಾಗಾಗಿ ರೈಫಲ್ಲಿನ ದೊಡ್ಡ ಡ್ರಮ್‌ನಲ್ಲೇ ಪಿಸ್ತೂಲಿಗೂ ಅಳೆಯುತ್ತೇನೆ ಎನ್ನುವ ಉಳಿತಾಯ ಬೇಡ. ಅಗಲ ಬಾಯಿಯ ಕುಳಿಯಲ್ಲಿ ಮೇಲ್ಮೈ ಸ್ವಲ್ಪ ಏರಿಳಿದರೂ ತೂಕ ಎದ್ದು ಕಾಣುವಷ್ಟು ಬದಲಾಗುತ್ತದೆ. ಕಿರಿದಾಗಿ ಆಳವಾಗಿರುವ ಕುಳಿಯೇ ಬೇಕು.

ಎಚ್‌ಪಿ-38 ಥರದ ಬಾಲ್ ಪೌಡರ್ (ಸಣ್ಣ ಕಾಳಿನ ಮದ್ದು) ಹಾಕಿದರೆ ಈ ಯಂತ್ರದ ಮೇಲೆ ಒಂದು ದೂರೂ ಇಲ್ಲ. ರಾಗಿ ಸುರಿದ ಹಾಗೆ ಹರಿಯುತ್ತದೆ, ತಕ್ಕಡಿಯ ಮುಳ್ಳು ಗೆರೆ ಬಿಟ್ಟು ಕದಲುವುದಿಲ್ಲ. ಯೂನಿಕ್‌ನಂಥ ಫ್ಲೇಕ್ ಪೌಡರ್ ಹಾಕಿ ನೋಡಿ, ಆಗ ಗೊತ್ತಾಗುತ್ತದೆ ಪಾಡು. ಚಪ್ಪಟೆ ಚಕ್ಕೆಗಳು ಡ್ರಮ್ಮಿನ ಅಂಚಿಗೆ ಸಿಕ್ಕಿ ತುಂಡಾಗುತ್ತವೆ, ಅದೇ ಆ 'ಕರಕ್'. ಅದು ಬರೀ ಸದ್ದಿನ ಕಿರಿಕಿರಿ, ಬಿಡಿ. ನಿಜವಾದ ಅಪಾಯ ಅದರ ಕೆಳಗಿನ ಡ್ರಾಪ್ ಟ್ಯೂಬಿನಲ್ಲಿದೆ.

ಟ್ಯೂಬ್ ಕಿರಿದಾಗಿದ್ದರೆ ಚಕ್ಕೆಗಳು ಒಂದಕ್ಕೊಂದು ಆತು ಅಡ್ಡ ಕಟ್ಟಿಕೊಳ್ಳುತ್ತವೆ. ಮೊದಲ ಕೇಸಿಗೆ ಅರ್ಧಂಬರ್ಧ ಮದ್ದು ಬೀಳುತ್ತದೆ. ಮುಂದಿನ ಕೇಸಿಗೆ ಲಿವರ್ ಎಳೆದ ಅದುರಿಗೆ ಕಟ್ಟೆ ಒಡೆದು, ಹಳೆಯ ಬಾಕಿಯೂ ಹೊಸ ಅಳತೆಯೂ ಒಟ್ಟಿಗೆ ಇಳಿಯುತ್ತವೆ. ಕಡಿಮೆ ಬಿದ್ದ ತೋಟಾದಲ್ಲಿ ಬುಲೆಟ್ ನಳಿಕೆಯ ನಡುವೆಯೇ ನಿಲ್ಲಬಹುದು. ಅದು ಗೊತ್ತಾಗದೆ ಮತ್ತೊಂದು ಹಾರಿಸಿದರೆ ನಳಿಕೆ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ಹೆಚ್ಚು ಬಿದ್ದದ್ದರ ಕಥೆ ಇನ್ನೂ ಕೆಟ್ಟದ್ದು: ಮಿತಿ ದಾಟಿದ ಒತ್ತಡಕ್ಕೆ ಪಿಸ್ತೂಲೇ ಒಡೆಯಬಹುದು. .38 ಸ್ಪೆಷಲ್‌ಗೆ ಅಮೆರಿಕದ ತೋಟಾ ತಯಾರಕರ ಮಾನದಂಡ ಸಂಸ್ಥೆ ಸಾಮಿ ಗೊತ್ತುಮಾಡಿದ ಗರಿಷ್ಠ ಒತ್ತಡ 17,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್), 9 ಎಂಎಂನ 35,000ದ ಅರ್ಧಕ್ಕಿಂತಲೂ ಕಡಿಮೆ.

ಇದಕ್ಕೆ ಮಾಡಬೇಕಾದದ್ದು ಇಷ್ಟು. ಕೇಸಿನ ಬಾಯಿಗೆ ಹೊಂದುವ ಟ್ಯೂಬುಗಳಲ್ಲಿ ಅತಿ ಅಗಲದ್ದನ್ನೇ ಹಾಕಿ, ಎಲ್ಲದಕ್ಕೂ ನಡೆಯುತ್ತದೆಂದು ಕೊಡುವ ಕೋನ್ ಟ್ಯೂಬ್ ಬೇಡ. ಟ್ಯೂಬ್ ಮೈಗೆ ಸೇರುವ ಕಡೆ ಮೆಟ್ಟಿಲಿನಂಥ ಅಂಚೋ ಲೋಹದ ಮುಳ್ಳೋ ಇದೆಯಾ ಅಂತ ಟಾರ್ಚ್ ಬಿಟ್ಟು ನೋಡಿ. ಲಿವರ್ ಮೇಲೆ ಹೋದಾಗ ಒಮ್ಮೆ, ಕೆಳಗೆ ಬಂದಾಗ ಒಮ್ಮೆ, ಎರಡೂ ತುದಿಯಲ್ಲಿ ಒಂದೇ ಜೋರಿನಲ್ಲಿ ಟಕ್ಕೆನಿಸಿ. ಜೋರು ಬದಲಾದರೆ ಕುಳಿಯಲ್ಲಿ ಮದ್ದು ಕೂರುವ ರೀತಿಯೂ ಬದಲಾಗುತ್ತದೆ. ಆಮೇಲೆ ಅರೆಗಳಿಗೆ ತಡೆದು ಕೇಸ್ ತೆಗೆಯಿರಿ. ಲಿವರ್ ಬಿಗಿಯಾಯಿತೋ, ಬಲ ಹಾಕಬೇಡಿ. ಹಿಂದಕ್ಕೆ ತಂದು ಆ ಅಳತೆಯನ್ನು ಹಾಪರ್‌ಗೇ ವಾಪಸ್ ಸುರಿಯಿರಿ.

ಹೊಸ ಮೆಷರ್ ಬಂದ ದಿನವೇ ತುಂಬಲು ಕೂರಬೇಡಿ. ಡ್ರಮ್ಮಿಗೆ ತುಕ್ಕು ಹಿಡಿಯದಿರಲೆಂದು ಸವರಿದ ಎಣ್ಣೆ ಇರುತ್ತದೆ, ಮದ್ದು ಅದಕ್ಕೆ ಅಂಟುತ್ತದೆ. ಲೋಹದ ಭಾಗಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ. ಹಾಪರನ್ನು ಪಾತ್ರೆ ಸೋಪಿನ ನೀರಲ್ಲಿ ತೊಳೆದು ತಾನಾಗೇ ಒಣಗಲು ಬಿಡಿ, ಬಟ್ಟೆಯಲ್ಲಿ ಉಜ್ಜಿದರೆ ಸ್ಟ್ಯಾಟಿಕ್ ಹೆಚ್ಚುತ್ತದೆ. ಮಿಷಿಗನ್‌ನಂಥ ಕಡೆ ಚಳಿಗಾಲದಲ್ಲಿ ಹೀಟರ್ ಹಾಕಿದ ಬೇಸ್‌ಮೆಂಟಿನ ಒಣ ಗಾಳಿಗೆ ಚಕ್ಕೆಗಳು ಹಾಪರ್ ಗೋಡೆಗೆ ಹತ್ತಿ ಕೂರುತ್ತವೆ. ಡ್ರೈಯರ್ ಶೀಟಿನಿಂದ ಒಮ್ಮೆ ಸವರಿದರೆ ಸಾಕು.

ಬೈದದ್ದೆಲ್ಲ ಬೈದ ಮೇಲೆ, ಕೂತು ಕೆಲಸ ಶುರುಮಾಡುವ ಆ ಹತ್ತು ನಿಮಿಷಕ್ಕೆ ಈ ಯಂತ್ರದ ಮೇಲೆ ಪ್ರೀತಿಯೇ ಹುಟ್ಟುತ್ತದೆ. ಬೆಂಚಿನ ಮೇಲೆ ಒಂದೇ ಮದ್ದಿನ ಡಬ್ಬಿ, ಅದರ ಹೆಸರು ಬರೆದ ಟೇಪು ಹಾಪರ್ ಮೇಲೆ. ಮೇಲಿನ ಮದ್ದಿನ ಭಾರ ಡ್ರಮ್ ಮೇಲೆ ನೇರ ಬೀಳದಂತೆ ತಡೆಯುವ ಬ್ಯಾಫಲ್ ತಗಡು ಇಳಿಸಿ, ಮುಕ್ಕಾಲು ಭಾಗ ತುಂಬಿಸಿ, ಮೊದಲ ಹತ್ತು ಅಳತೆ ತೆಗೆದು ವಾಪಸ್ ಹಾಪರ್‌ಗೆ. ತಕ್ಕಡಿಯನ್ನು ತೂಕ ಗೊತ್ತಿರುವ ಚೆಕ್ ವೇಟ್ ಇಟ್ಟು ಪರೀಕ್ಷಿಸಿ, ಆಮೇಲೆ ಹತ್ತು ಅಳತೆ ಒಟ್ಟಿಗೆ ತೂಗುವುದು. 4.2 ಬೇಕಿದ್ದರೆ ತಟ್ಟೆ 42.0 ತೋರಿಸಬೇಕು. ಆದರೆ ಸರಾಸರಿ ಸರಿ ಬಂದಿತೆಂದು ಕೈತೊಳೆದುಕೊಳ್ಳುವ ಹಾಗಿಲ್ಲ, 3.9 ಒಂದು 4.5 ಒಂದು ಬಿದ್ದರೂ ಸರಾಸರಿ 4.2 ಆಗುತ್ತದೆ. ಐದಾರು ಅಳತೆಯನ್ನಾದರೂ ಬಿಡಿಬಿಡಿಯಾಗಿ ತೂಗಿ. ಹಾಪರ್ ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿಯುವ ಮೊದಲೇ ತುಂಬಿಸಿ, ಮೇಲಿನ ಭಾರ ಕಡಿಮೆಯಾದ ಹಾಗೆ ಅಳತೆ ಜಾರುತ್ತದೆ.

ಮೈಕ್ರೋಮೀಟರ್ ಸಂಖ್ಯೆಯನ್ನು ನೋಟ್‌ಬುಕ್ಕಲ್ಲಿ ಬರೆದಿಟ್ಟರೆ ಮುಂದಿನ ಸಲ ಅದರ ಹತ್ತಿರಕ್ಕೆ ಬೇಗ ಬರಬಹುದು, ಅಷ್ಟಕ್ಕೆ ಮಾತ್ರ ಅದು ಉಪಯೋಗ. ಮದ್ದಿನ ಲಾಟ್ (ತಯಾರಿಕೆಯ ಕಂತು) ಬದಲಾದರೆ ಸಾಂದ್ರತೆ ಬದಲಾಗುತ್ತದೆ. ಲಾಕ್ ಸ್ಕ್ರೂ ಬಿಗಿ ಮಾಡುವಾಗಲೂ ಕೂದಲೆಳೆಯಷ್ಟು ಸರಿಯುತ್ತದೆ, ಬಿಗಿ ಮಾಡಿದ ಮೇಲೇ ತೂಗಿ. ಸ್ಕ್ರೂ ತಿರುಗಿಸುವುದು ಯಾವಾಗಲೂ ಒಂದೇ ದಿಕ್ಕಿನಿಂದ ಇರಲಿ. ದಾಟಿ ಹೋದರೆ ಚೆನ್ನಾಗಿ ಹಿಂದೆ ಬಂದು ಮತ್ತೆ ಮುಂದೆ ಹೋಗಿ, ಇಲ್ಲದಿದ್ದರೆ ಸ್ಕ್ರೂ ಎಳೆಗಳ ಸಡಿಲ ಅಳತೆಯಲ್ಲಿ ಸೇರುತ್ತದೆ.

ಇಷ್ಟು ಕಾಡಿದರೂ ಫ್ಲೇಕ್ ಪೌಡರ್ ಬಿಡಲಾರದ್ದಕ್ಕೆ ಕಾರಣವಿದೆ. ಅದು ಜಾಗ ಹೆಚ್ಚು ಹಿಡಿಯುತ್ತದೆ. 9 ಎಂಎಂನಲ್ಲಿ ಯೂನಿಕ್ ತಪ್ಪಿ ಎರಡು ಸಲ ಬಿದ್ದರೆ ಕೇಸ್ ತುಂಬಿ ಹೊರಗೆ ಚೆಲ್ಲುತ್ತದೆ. ಟೈಟ್‌ಗ್ರೂಪ್‌ನಂಥ ಒತ್ತಾದ ಮದ್ದು ಎರಡು ಅಳತೆ ಬಿದ್ದರೂ ಒಳಗೇ ಕೂರುತ್ತದೆ. .38 ಸ್ಪೆಷಲ್ ಕೇಸ್ ಕರಿಮದ್ದಿನ ಕಾಲದ ಆಳದ್ದು, ಅದರಲ್ಲಿ ಇವೆರಡರಲ್ಲಿ ಯಾವುದನ್ನು ಎರಡು ಸಲ ಹಾಕಿದರೂ ಹಿಡಿಸುತ್ತದೆ. ಹಾಗಾಗಿ ಬುಲೆಟ್ ಇಡುವ ಮೊದಲು ಐವತ್ತೂ ಕೇಸಿನೊಳಗೆ ಟಾರ್ಚ್ ಬಿಟ್ಟು ಮದ್ದಿನ ಮಟ್ಟ ನೋಡಿ. ಅನುಮಾನ ಬಂದದ್ದನ್ನು ಸುರಿದು ಮತ್ತೆ ಅಳೆಯಿರಿ.

ಮುಗಿದ ಕೂಡಲೇ ಹಾಪರ್ ಖಾಲಿ ಮಾಡಿ ಮದ್ದನ್ನು ಅದರ ಡಬ್ಬಿಗೇ ಸುರಿಯಿರಿ. ನೈಟ್ರೊಗ್ಲಿಸರಿನ್ ಇರುವ ಡಬಲ್ ಬೇಸ್ ಪೌಡರ್ ಪ್ಲಾಸ್ಟಿಕ್ಕನ್ನು ಕಂದು ಮಾಡಿ ತಿನ್ನುತ್ತದೆ. ಕುಳಿಯಲ್ಲಿ ಒಂದು ಅಳತೆ ಉಳಿದಿರುತ್ತದೆ, ಲಿವರ್ ನಾಲ್ಕಾರು ಸಲ ಆಡಿಸಿ.

ತಿಂಗಳಿಗೆ ನೂರು ಸುತ್ತು ಹಾರಿಸುವವರು ಇಷ್ಟು ದುಡ್ಡು ಸುರಿಯಬೇಕಾಗಿಲ್ಲ. ಪ್ಲಾಸ್ಟಿಕ್ ಅಳತೆ ಸೌಟು ಮತ್ತು ಒಳ್ಳೆಯ ತಕ್ಕಡಿ ಸಾಕು. ಹೆಚ್ಚು ತುಂಬುವವರು, ಅದೂ ಬಾಲ್ ಪೌಡರ್ ಬಳಸುವವರು, ಕಣ್ಣುಮುಚ್ಚಿ ತಗೊಳ್ಳಬಹುದು. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಡ್ರಮ್ ಅಲ್ಲಾಡಿಸಿ ನೋಡಿ. ಸವೆದ ಡ್ರಮ್ಮಿನ ಸಂದಿಯಿಂದ ಸಣ್ಣ ಬಾಲ್ ಪೌಡರ್ ಬೆಂಚಿನ ಮೇಲೆ ಉದುರುತ್ತದೆ, ಅದಕ್ಕೆ ರಿಪೇರಿ ಇಲ್ಲ. ಬ್ಯಾಫಲ್ ಕಳೆದಿದ್ದರೆ ಮಾತ್ರ ಯೋಚನೆ ಬೇಡ, ಅದು ಬಿಡಿಯಾಗಿ ಸಿಗುತ್ತದೆ.