ಈಸಾಫ್ಯೊರ್ದುರ್‌ಗೆ ಕ್ರೂಸಲ್ಲಿ ಹೋದ್ರೆ ಬಸ್ ಹತ್ತಬೇಡಿ, ಊರಲ್ಲೇ ಇರಿ

ಐಸ್‌ಲ್ಯಾಂಡ್ ಸುತ್ತ ಹೋಗೋ ಕ್ರೂಸ್ ಬುಕ್ ಮಾಡಿದ್ರೆ ಈಸಾಫ್ಯೊರ್ದುರ್ ಅನ್ನೋ ಸ್ಟಾಪ್ ಇರೋ ಚಾನ್ಸ್ ಜಾಸ್ತಿ. ದೇಶದ ವಾಯುವ್ಯಕ್ಕೆ ವೆಸ್ಟ್‌ಫ್ಯೋರ್ಡ್ಸ್ ಅಂತ ಒಂದು ಭಾಗ ಇದೆ, ಮ್ಯಾಪಲ್ಲಿ ನೋಡಿದ್ರೆ ಬೆರಳು ಅಗಲಿಸಿದ ಕೈ ಥರ ಸಮುದ್ರಕ್ಕೆ ಚಾಚಿಕೊಂಡಿರುತ್ತೆ, ಆ ಭಾಗದಲ್ಲೆಲ್ಲ ದೊಡ್ಡ ಊರು ಇದೇ. ದೊಡ್ಡದು ಅಂದ್ರೆ ಎಷ್ಟು, ಸುಮಾರು 2,700 ಜನ. ದೊಡ್ಡ ಹಡಗು ಬಂದ ದಿನ ಊರೋರಿಗಿಂತ ಬಂದೋರೇ ಜಾಸ್ತಿ.

ನನ್ನ ರಿವ್ಯೂ ಮೊದಲೇ ಹೇಳಿಬಿಡ್ತೀನಿ, ಇಡೀ ಕ್ರೂಸಲ್ಲಿ ನನಗೆ ಬೆಸ್ಟ್ ಅನ್ನಿಸಿದ ದಿನ ಇದು, ಅದಕ್ಕೆ ಕಾರಣ ಆ ಊರು, ಯಾವ ಟೂರೂ ಅಲ್ಲ. ಹಡಗಿನ ಟೂರ್ ಕೌಂಟರ್‌ನಲ್ಲಿ ಕೇಳಿದ್ರೆ ಊರಲ್ಲಿ ನೋಡೋಕೆ ಅಂಥದ್ದೇನಿಲ್ಲ, ಅರ್ಧ ಗಂಟೆಲಿ ಮುಗಿದುಹೋಗುತ್ತೆ, ಬಸ್ ಟೂರ್ ತಗೊಳ್ಳಿ ಅಂದ್ರು. ಈ ಮಾತು ನನಗೆ ನಿಜವಾಗ್ಲೂ ಬೇಜಾರು ತಂತು. ದುಡ್ಡು ಕೊಟ್ಟು ಅಷ್ಟು ದೂರ ಬಂದಿರೋ ಜನಕ್ಕೆ ಕಾಲ ಕೆಳಗಿರೋ ಊರನ್ನೇ ನೋಡಬೇಡಿ ಅಂತ ಹೇಳೋದು ಯಾವ ನ್ಯಾಯ ಹೇಳಿ.

ಬೆಳಿಗ್ಗೆ ಬೇಗ ಎದ್ದು ಡೆಕ್ ಮೇಲೆ ನಿಂತ್ಕೊಳ್ಳಿ, ಇದು ಮಾತ್ರ ತಪ್ಪಿಸಬೇಡಿ. ಫ್ಯೋರ್ಡ್ ಅಂದ್ರೆ ಬೆಟ್ಟಗಳ ನಡುವೆ ನೆಲದೊಳಗೆ ನುಗ್ಗಿರೋ ಸಮುದ್ರದ ತೋಳು, ಹಡಗು ಅಂಥ ದೊಡ್ಡ ಫ್ಯೋರ್ಡಿಂದ ಸ್ಕುಟುಲ್ಸ್‌ಫ್ಯೊರ್ದುರ್ ಅನ್ನೋ ಚಿಕ್ಕ ಫ್ಯೋರ್ಡ್ ಒಳಗೆ ತಿರುಗುತ್ತೆ, ಎರಡೂ ಕಡೆ ಕಡಿದಾದ ಬೆಟ್ಟ, ಆದ್ರೆ ತುದಿ ಮಾತ್ರ ಚಪ್ಪಟೆ, ಮೈ ತುಂಬ ಅಡ್ಡ ಪಟ್ಟಿ. ಒಂದರ ಮೇಲೊಂದು ಲಾವಾ ಹರಿದು ಗಟ್ಟಿಯಾಗಿರೋ ಪದರಗಳು ಅವು, ಐಸ್‌ಲ್ಯಾಂಡಲ್ಲೇ ಅತಿ ಹಳೇ ನೆಲ ಇದು, ಕೋಟಿ ವರ್ಷದ ಮೇಲಾಗಿದೆ. ಮಧ್ಯದಲ್ಲಿ ನೀರಿಗೆ ಚಾಚಿರೋ ಮರಳು ಜಲ್ಲಿ ದಿಣ್ಣೆ, ಅದರ ಮೇಲೆ ಊರು. ಏರ್‌ಪೋರ್ಟೂ ಇದೇ ಫ್ಯೋರ್ಡ್ ಒಳಗೇ ಇದೆ, ಜಾಗ ಇಲ್ಲದೆ ವಿಮಾನ ಬೆಟ್ಟದ ಪಕ್ಕದಲ್ಲೇ ತಿರುಗಿಸ್ಕೊಂಡು ಇಳಿಸಬೇಕು, ಹವಾಮಾನ ಕೆಟ್ಟರೆ ಫ್ಲೈಟೇ ಇಲ್ಲ. ಇಲ್ಲಿಗೆ ಆರಾಮಾಗಿ ಬರೋದಾದ್ರೆ ಸಮುದ್ರದ ದಾರಿನೇ ಸರಿ.

ಹಡಗಿಂದ ಇಳಿದ ಮೇಲೆ ಬಂದರಿನ ಹತ್ರಾನೇ ನೆದ್‌ಸ್ತಿಕೊಯ್ಪ್‌ಸ್ತಾದುರ್ ಅನ್ನೋ ಹಳೇ ವ್ಯಾಪಾರದ ಜಾಗ, ನಡ್ಕೊಂಡೇ ಹೋಗ್ಬೋದು. 18ನೇ ಶತಮಾನದ ನಾಲ್ಕು ಮರದ ಮನೆಗಳು ಇನ್ನೂ ನಿಂತಿವೆ. ಆಗ ಐಸ್‌ಲ್ಯಾಂಡ್ ಡೆನ್ಮಾರ್ಕ್ ಕೈಕೆಳಗಿತ್ತು, 1602ರಿಂದ 1787ರ ತನಕ ವ್ಯಾಪಾರ ಪೂರ್ತಿ ಅವರ ಹಿಡಿತದಲ್ಲಿತ್ತು, ಬೇರೆಯವರಿಗೆ ಮಾರೋ ಹಾಗೇ ಇರ್ಲಿಲ್ಲ. ಮನೆ ಕಟ್ಟೋವಷ್ಟು ದೊಡ್ಡ ಮರ ಆಗ ಈ ದೇಶದಲ್ಲಿ ಸಿಗ್ತಿರ್ಲಿಲ್ಲ, ಹಂಗಾಗಿ ಮರ ಎಲ್ಲ ಹಡಗಲ್ಲೇ ತರಿಸಿದ್ದು. ಅದ್ರಲ್ಲಿ 1784ರ ಗೋಪುರದ ಮನೆ ಈಗ ವೆಸ್ಟ್‌ಫ್ಯೋರ್ಡ್ಸ್ ಹೆರಿಟೇಜ್ ಮ್ಯೂಸಿಯಂ. ಒಳಗೆ ಹೋಗ್ತಿದ್ದ ಹಾಗೆ ಕಪ್ಪಾದ ತೊಲೆ, ತಗ್ಗು ಛಾವಣಿ, ಹಳೇ ಮರ ಮತ್ತೆ ಮೀನಿನ ವಾಸನೆ. ದೋಣಿ, ಗಾಳ, ತೊಗಲಿನ ಬಟ್ಟೆ ಎಲ್ಲ ಇದೆ, ಒಂದು ಕಡೆ ಅಕಾರ್ಡಿಯನ್ ವಾದ್ಯಗಳ ದೊಡ್ಡ ಕಲೆಕ್ಷನ್ನೂ ಇದೆ.

ನಾನು ಜಾಸ್ತಿ ಹೊತ್ತು ನಿಂತಿದ್ದು ಉಪ್ಪು ಮೀನಿನ ಕಥೆ ಹತ್ರ. ಕಾಡ್ ಮೀನಿನ ತಲೆ ತೆಗೆದು, ಬೆನ್ನುಮೂಳೆ ಬಿಡಿಸಿ, ಚಪ್ಪಟೆಯಾಗಿ ಬಿಚ್ಚಿ, ಉಪ್ಪು ಹಾಕಿ ರಾಶಿ ಒಟ್ಟಿ ವಾರಗಟ್ಟಲೆ ಬಿಡ್ತಿದ್ರು. ಆಮೇಲೆ ತೊಳೆದು ಕಲ್ಲು ಹಾಸಿದ ಬಯಲಲ್ಲಿ ಬಿಸಿಲಿಗೆ ಹರಡೋದು, ಮಳೆ ಮೋಡ ಕಂಡ ತಕ್ಷಣ ಓಡಿಹೋಗಿ ಎಲ್ಲ ಎತ್ತಿ ಒಟ್ಟೋದು, ಬಿಸಿಲು ಬಂದ್ರೆ ಮತ್ತೆ ಹರಡೋದು, ಹಿಂಗೇ ಒಣಗೋ ತನಕ. ತೊಳೆಯೋದು ಹರಡೋದು ಬಹುಪಾಲು ಹೆಂಗಸರ ಕೆಲಸ, ಆ ಚಳಿ ನೀರಲ್ಲಿ ಕೈ ಇಟ್ಕೊಂಡು. ಆ ಮೀನು ಸ್ಪೇನ್, ಪೋರ್ಚುಗಲ್ಲಿಗೆ ಹೋಗ್ತಿತ್ತು. ಫೋಟೋದಲ್ಲಿ ಸಾಲಾಗಿ ಬಗ್ಗಿರೋ ಆ ಹೆಂಗಸರನ್ನ ನೋಡ್ತಾ ನೋಡ್ತಾ ಈ ಊರಿನ ಒಂದೊಂದು ಮನೇನೂ ಅವರ ಕೈಯಿಂದಾನೇ ಎದ್ದಿದ್ದು ಅನ್ನಿಸ್ತು ನನಗೆ.

ಮೀನಿಗೋಸ್ಕರ ಈ ಜನ ಬ್ರಿಟನ್ ಜೊತೆನೂ ಜಗಳಕ್ಕೆ ನಿಂತಿದ್ದಾರೆ, ಕಾಡ್ ವಾರ್ ಅಂತಾರೆ, 1976ರಲ್ಲಿ ತೀರದಿಂದ 200 ನಾಟಿಕಲ್ ಮೈಲು ನಮ್ಮದು ಅನ್ನೋದನ್ನ ಒಪ್ಪಿಸೋ ತನಕ ಬಿಡ್ಲಿಲ್ಲ. ಆದ್ರೆ ಸಮುದ್ರಕ್ಕೆ ಯಾವ ದೇಶದೋರು ಅನ್ನೋ ಲೆಕ್ಕ ಇಲ್ಲ. 1968ರ ಫೆಬ್ರವರಿಯಲ್ಲಿ ರಾಸ್ ಕ್ಲೀವ್‌ಲ್ಯಾಂಡ್ ಅನ್ನೋ ಇಂಗ್ಲಿಷ್ ಟ್ರಾಲರ್ ಬಿರುಗಾಳಿಗೆ ಹೆದರಿ ಆಸರೆ ಹುಡುಕ್ಕೊಂಡು ಇದೇ ದೊಡ್ಡ ಫ್ಯೋರ್ಡಿಗೆ ಬಂತು, ಮೈ ಮೇಲೆ ಹಿಮ ಗಟ್ಟಿಯಾಗಿ ಭಾರ ಜಾಸ್ತಿಯಾಗಿ ಮಗುಚಿ ಮುಳುಗ್ತು, 18 ಜನ ಸತ್ರು, ಬದುಕಿದ್ದು ಒಬ್ಬನೇ. ಅದೇ ನೀರಲ್ಲಿ ನಾವು ಬಿಸಿ ಕಾಫಿ ಕುಡಿತಾ ಬಂದಿದ್ವಿ.

ಊಟಕ್ಕೆ ತ್ಯೊರುಹೂಸಿದ್ ಅನ್ನೋ ಮೀನಿನ ಹೋಟೆಲ್. ಇದೂ ಆ ನಾಲ್ಕು ಮನೆಯಲ್ಲಿ ಒಂದು, 1781ರದ್ದು, ಮ್ಯೂಸಿಯಂ ಪಕ್ಕದಲ್ಲೇ. ಉದ್ದದ ಮರದ ಟೇಬಲ್ಲು, ಯಾರ್ಯಾರೋ ಜೊತೆ ಸೇರಿ ಕೂರೋದು. ಇವತ್ತು ಯಾವ ಮೀನು ಅನ್ನೋದು ದೋಣಿ ಏನು ತಂತು ಅನ್ನೋದರ ಮೇಲೆ, ಹಂಗಾಗಿ ಇಂಥದ್ದೇ ಬೇಕು ಅಂತ ಆಸೆ ಇಟ್ಕೊಂಡು ಹೋಗ್ಬೇಡಿ. ದಪ್ಪ ಕಬ್ಬಿಣದ ಬಾಣಲೆಯಲ್ಲೇ ತಂದು ಇಟ್ರು, ಬೆಣ್ಣೆ ಇನ್ನೂ ಚುರ್ರ್ ಅಂತಿತ್ತು, ಮೀನಿನ ಅಡಿಭಾಗ ಕಂದು ಬಣ್ಣಕ್ಕೆ ತಿರುಗಿ ಗರಿಗರಿ, ಮೇಲೆ ಫೋರ್ಕ್ ತಾಗಿಸಿದ್ರೆ ಸಾಕು ಬಿಳಿ ಪದರ ಪದರವಾಗಿ ಬಿಟ್ಕೊಳ್ತಿತ್ತು, ಸಣ್ಣ ಆಲೂಗಡ್ಡೆ ಅದೇ ಬೆಣ್ಣೆಯಲ್ಲಿ ಹೊರಳಾಡಿ ಉಪ್ಪು ಹಿಡಿದಿತ್ತು. ಮಸಾಲೆ ಅಂತ ಏನೂ ಇಲ್ಲ, ಬೇಕೂ ಆಗ್ಲಿಲ್ಲ. ರೇಟ್ ಕಮ್ಮಿ ಏನಲ್ಲ, ಐಸ್‌ಲ್ಯಾಂಡಲ್ಲಿ ಕೂತು ತಿನ್ನೋ ಊಟ ಯಾವುದೂ ಕಮ್ಮಿ ಇಲ್ಲ, ಆದ್ರೆ ಇದಕ್ಕೆ ಕೊಟ್ಟ ದುಡ್ಡಿಗೆ ನನಗೆ ಸ್ವಲ್ಪನೂ ಬೇಜಾರಿಲ್ಲ. ಹಡಗಲ್ಲಿ ಊಟ ಫ್ರೀ ಇದೆಯಲ್ಲ ಅಂತ ವಾಪಸ್ ಓಡಿಹೋಗೋರನ್ನ ನೋಡಿದೆ, ದಯವಿಟ್ಟು ಹಂಗೆ ಮಾಡ್ಬೇಡಿ, ಇಲ್ಲಿ ಕೂತು ತಿಂದು ಹೋಗಿ. ಹಡಗು ಬಂದ ದಿನ ರಶ್ ಇರುತ್ತೆ, ಬೇಗ ಹೋಗಿ. ಬೇಸಿಗೆ ಸೀಸನ್ನಲ್ಲಿ ಮಾತ್ರ ತೆರೆದಿರುತ್ತೆ.

ಮೀನು ತಿನ್ನದೇ ಇರೋರಿಗೆ ಇಲ್ಲಿ ಕಷ್ಟ, ಸುಳ್ಳು ಹೇಳಲ್ಲ. ಅಂಥೋರು ಗಮ್ಲಾ ಬಾಕರೀಯಿದ್‌ಗೆ ಹೋಗಿ, 1871ರಿಂದ ಇರೋ ಬೇಕರಿ, ಬ್ರೆಡ್ಡು ಪೇಸ್ಟ್ರಿ ಎಲ್ಲ ಚೆನ್ನಾಗಿದೆ. ಕ್ಲೈನಾ ಅಂತ ತಿರುಚಿ ಕರಿದ ಒಂದು ಸಿಹಿ ತಿಂಡಿ ಈ ದೇಶದಲ್ಲೆಲ್ಲ ಮಾಡ್ತಾರೆ, ಏಲಕ್ಕಿ ಹಾಕ್ತಾರೆ, ಅದು ಸಿಕ್ಕಿದ್ರೆ ತಗೊಳ್ಳಿ. ಆದ್ರೆ ಮೊದಲಿಂದಾನೂ ಅದನ್ನ ಪ್ರಾಣಿ ಕೊಬ್ಬಲ್ಲಿ ಕರಿಯೋ ಪದ್ಧತಿ ಇದೆ, ಈಗ ಎಣ್ಣೆ ಬಳಸೋರೂ ಇದ್ದಾರೆ, ಪ್ಯೂರ್ ವೆಜ್ ಆಗಿದ್ರೆ ಕೇಳಿನೇ ತಿನ್ನಿ.

ಟೂರ್ ಬೇಕೇ ಬೇಕು ಅಂದ್ರೆ ಒಂದಕ್ಕೆ ಮಾತ್ರ ನನ್ನ ಓಟು, ವಿಗುರ್ ದ್ವೀಪ. ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ ದೋಣಿ ಪ್ರಯಾಣ, ಪಫಿನ್ ಹಕ್ಕಿಗಳು, 1840ರ ಸುಮಾರಿಗೆ ಕಟ್ಟಿದ ಗಾಳಿಯಂತ್ರ. ಇಳಿದ ತಕ್ಷಣ ಕೈಗೊಂದು ಕೋಲು ಕೊಡ್ತಾರೆ, ತಲೆ ಮೇಲೆ ಎತ್ತಿ ಹಿಡ್ಕೊಳ್ಳೋಕೆ. ಆರ್ಕ್ಟಿಕ್ ಟರ್ನ್ ಹಕ್ಕಿಗಳು ಮರಿ ಹತ್ರ ಬಂದೋರ ನೆತ್ತಿಗೇ ಕುಕ್ಕೋಕೆ ಬರ್ತಾವೆ, ಎಲ್ಲಕ್ಕಿಂತ ಎತ್ತರ ಇರೋದನ್ನೇ ಕುಕ್ಕೋದು, ಅದಕ್ಕೆ ಕೋಲು. ಈಡರ್ ಅನ್ನೋ ಕಾಡು ಬಾತು ತನ್ನ ಎದೆಯ ಪುಕ್ಕನೇ ಕಿತ್ತು ಗೂಡಿಗೆ ಹಾಸುತ್ತೆ, ಅದನ್ನ ಕೂಡಿಸಿ ಕ್ಲೀನ್ ಮಾಡಿ ಹೊದಿಕೆಗೆ ಮಾರ್ತಾರೆ, ಒಂದು ಕೆಜಿಗೆ ಸುಮಾರು 60 ಗೂಡು ಬೇಕಂತೆ. ಅದರ ಒಂದು ಹಿಡಿ ಅಂಗೈ ಮೇಲೆ ಇಟ್ರೆ ತೂಕನೇ ಗೊತ್ತಾಗಲ್ಲ, ಸ್ವಲ್ಪ ಹೊತ್ತಿಗೆ ಕೈ ಬೆಚ್ಚಗಾಗುತ್ತೆ ಅಷ್ಟೇ. ಹಕ್ಕಿ ನೋಡೋಕೇ ಹೋಗೋರು ಜೂನ್ ಜುಲೈನಲ್ಲಿ ಹೋಗಿ, ಆಗಸ್ಟ್ ಕಳೆಯೋ ಹೊತ್ತಿಗೆ ಪಫಿನ್‌ಗಳು ಹೊರಟುಹೋಗಿರ್ತಾವೆ. ದಿನ್ಯಾಂಡಿ ಜಲಪಾತ ಸುಮಾರು 100 ಮೀಟರ್ ಎತ್ತರ, ಸುಂದರ ಇದೆ, ಆದ್ರೆ ಬಸ್ಸಲ್ಲಿ ಹೋಗಿ ಬರೋದ್ರಲ್ಲೇ ಅರ್ಧ ದಿನ ಹೋಗುತ್ತೆ, ಕಾರಲ್ಲಿ ಬರೋರಿಗೆ ಅದು ಸರಿ.

ಮಧ್ಯಾಹ್ನ ಬಿಡುವಿದ್ರೆ ಸುಮ್ಮನೆ ಬೀದಿ ಸುತ್ತಿ, ತಗಡು ಹೊದಿಸಿದ ಬಣ್ಣದ ಮನೆಗಳು, ಕಿಟಕಿಯಲ್ಲಿ ಹೂವಿನ ಕುಂಡ. 1925ರ ಹಳೇ ಆಸ್ಪತ್ರೆ ಕಟ್ಟಡ ಈಗ ಲೈಬ್ರರಿ, ಒಳಗೆ ಹೋಗಿ ಕೂರಬಹುದು. ಬೇಸಿಗೆಯಲ್ಲಿ ನೋಡಿದ್ರೆ ಏನ್ ನೆಮ್ಮದಿ ಊರಪ್ಪ ಅನ್ಸುತ್ತೆ, ಆದ್ರೆ ನವೆಂಬರ್ ಕೊನೆಯಿಂದ ಜನವರಿ 25ರ ಹತ್ತಿರದ ತನಕ ಬೆಟ್ಟದ ಮರೆಯಿಂದ ಸೂರ್ಯ ಊರಿಗೆ ಕಾಣೋದೇ ಇಲ್ಲ, ವಾಪಸ್ ಬಂದ ದಿನ ಪ್ಯಾನ್‌ಕೇಕ್ ಮಾಡಿ ಕಾಫಿ ಕುಡಿದು ಹಬ್ಬ ಮಾಡ್ತಾರೆ. 1995ರಲ್ಲಿ ಒಂದೇ ವರ್ಷ ಬೆಟ್ಟದಿಂದ ಜಾರಿ ಬಂದ ಹಿಮಕುಸಿತಕ್ಕೆ ಪಕ್ಕದ ಸೂದಾವಿಕ್‌ನಲ್ಲಿ 14 ಜನ, ಫ್ಲಾಟೇರಿಯಲ್ಲಿ 20 ಜನ ಹೋದ್ರು. ಅಷ್ಟು ಚಿಕ್ಕ ಊರುಗಳಲ್ಲಿ ಅದು ಎಷ್ಟು ಮನೆಗೆ ಮುಟ್ಟಿರಬೇಕು ಯೋಚನೆ ಮಾಡಿ. ಬೆಟ್ಟದ ಬುಡದಲ್ಲಿ ಅಲ್ಲಲ್ಲಿ ಕಾಣೋ ಮಣ್ಣಿನ ದೊಡ್ಡ ಒಡ್ಡುಗಳು ಹಿಮ ತಡೆಯೋಕೆ ಕಟ್ಟಿದ್ದು, ಫೋಟೋ ತೆಗೆಯೋವಾಗ ಇದು ಗೊತ್ತಿದ್ರೆ ಒಳ್ಳೇದು.

ಇನ್ನೊಂದು ವಿಷಯ ನನಗೆ ತುಂಬ ಖುಷಿ ಕೊಟ್ಟಿದ್ದು, ಕಾಡ್ ಮೀನಿನ ಚರ್ಮದಿಂದ ವಾಸಿಯಾಗದ ಗಾಯಕ್ಕೆ, ಸುಟ್ಟ ಗಾಯಕ್ಕೆ ಪಟ್ಟಿ ಮಾಡೋ ಕೆರೆಸಿಸ್ ಕಂಪನಿ ಶುರುವಾಗಿದ್ದು ಇದೇ ಊರಲ್ಲಿ. ಬಿಸಾಕ್ತಿದ್ದ ಚರ್ಮ ಅದು. 2023ರಲ್ಲಿ ಡೆನ್ಮಾರ್ಕಿನ ಕೋಲೋಪ್ಲಾಸ್ಟ್ ಅದನ್ನ 130 ಕೋಟಿ ಡಾಲರ್ ತನಕದ ಡೀಲಲ್ಲಿ ತಗೊಂಡ್ತು. ಇದನ್ನ ನಮ್ಮ ಹಡಗಿನ ಟೂರ್ ಕೌಂಟರಲ್ಲಿ ಯಾರೂ ಹೇಳ್ಲಿಲ್ಲ.

ಹೋಗೋರಿಗೆ: ಕಾರ್ಡ್ ಎಲ್ಲ ಕಡೆ ನಡೆಯುತ್ತೆ, ಕ್ರೋನಾ ಕ್ಯಾಶ್ ಬೇಕಾಗಲ್ಲ, ಟಿಪ್ಸ್ ಯಾರೂ ಎದುರು ನೋಡಲ್ಲ. ನಲ್ಲಿ ನೀರು ಧೈರ್ಯವಾಗಿ ಕುಡಿಯಿರಿ, ಬಾಟಲ್ ನೀರು ಕೊಳ್ಳೋದು ದಂಡ. ಜುಲೈನಲ್ಲೂ 10 ಡಿಗ್ರಿ ಆಸುಪಾಸು, ಗಾಳಿ ಬೇರೆ, ಛತ್ರಿ ಕೆಲಸಕ್ಕೆ ಬರಲ್ಲ, ನೀರು ಹಿಡಿಯದ ಜಾಕೆಟ್ ಬೇಕು. ಇಂಡಿಯನ್ ಪಾಸ್‌ಪೋರ್ಟ್ ಇದ್ರೆ ಷೆಂಗೆನ್ ವೀಸಾ ಬೇಕು, ಹಡಗು ಬ್ರಿಟನ್ನಿಂದ ಹೊರಡೋದಾದ್ರೆ ಅಲ್ಲಿನ ವೀಸಾ ಬೇರೆ, ಇದನ್ನ ಬುಕ್ಕಿಂಗ್‌ಗೆ ಮುಂಚೆನೇ ನೋಡ್ಕೊಳ್ಳಿ. ನಿಮ್ಮ ಹಡಗು ಪಿಯರ್‌ಗೇ ಬಂದು ನಿಲ್ಲುತ್ತಾ ಇಲ್ಲ ಮಧ್ಯದಲ್ಲಿ ಲಂಗರು ಹಾಕಿ ಚಿಕ್ಕ ದೋಣಿಯಲ್ಲಿ ಬಿಡ್ತಾರಾ ಅಂತಾನೂ ಹಿಂದಿನ ದಿನವೇ ಕೇಳಿ, ಚಿಕ್ಕ ದೋಣಿ ಆದ್ರೆ ಕ್ಯೂನಲ್ಲೇ ಬೆಳಗಿನ ಹೊತ್ತು ಹೋಗುತ್ತೆ, ಮೊದಲನೇ ದೋಣಿಗೇ ಟೋಕನ್ ತಗೊಳ್ಳಿ.